ಎಂಟು ಕಾಲಿನ ರೂಮ್‌ಮೇಟ್‌ಗೆ ಬಿಲ್ ಇದೆಯಾ?

2020ರ ಜುಲೈ. ಕೊರೊನಾ ಕಾರಣಕ್ಕೆ ನಾವೆಲ್ಲ ಮನೆಯೊಳಗೆ ಕೂತು ಆನ್‌ಲೈನ್ ಕ್ಲಾಸಿನಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡಿದ್ದ ಕಾಲ. ಆಗ ಚೆನ್ನೈ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳು ಪೋಲೆಂಡ್‌ನಿಂದ ಬಂದ ಒಂದು ಅಂಚೆ ಪಾರ್ಸೆಲ್ ಮೇಲೆ ಅನುಮಾನಪಟ್ಟು ಬಿಚ್ಚಿದರು. ಥರ್ಮೋಕೋಲ್ ಪೆಟ್ಟಿಗೆ, ಅದರೊಳಗೆ ಬೆಳ್ಳಿ ಹಾಳೆ ಮತ್ತು ಹತ್ತಿಯಲ್ಲಿ ಸುತ್ತಿದ ಪುಟ್ಟ ಪ್ಲಾಸ್ಟಿಕ್ ಸೀಸೆಗಳು. ಎಣಿಸಿದರೆ 107. ಪ್ರತಿಯೊಂದರಲ್ಲೂ ಒಂದೊಂದು ಜೀವಂತ ಟರಾಂಟುಲಾ ಜೇಡ! ಪಾರ್ಸೆಲ್ ಹೊರಟಿದ್ದು ತಮಿಳುನಾಡಿನ ಅರುಪ್ಪುಕೊಟ್ಟೈ ಎಂಬ ಊರಿಗೆ. ಆಮದು ಪರವಾನಗಿಯೂ ಇರಲಿಲ್ಲ, ಆರೋಗ್ಯ ಪ್ರಮಾಣಪತ್ರವೂ ಇರಲಿಲ್ಲ. ಜೇಡಗಳನ್ನು ಬಂದ ದೇಶಕ್ಕೇ ವಾಪಸ್ ಕಳಿಸಬೇಕಾಯಿತು.

ಆ ಸುದ್ದಿ ಓದಿದಾಗ ‘ಜೇಡವನ್ನೂ ದುಡ್ಡು ಕೊಟ್ಟು ತರಿಸುತ್ತಾರಾ?’ ಎಂದು ನಗು ಬಂದಿತ್ತು. ಈಗ ನಗು ಬರುವುದಿಲ್ಲ. ಏಕೆಂದರೆ ನಾನಿರುವ ಪಿ.ಜಿ.ಯ ಕೋಣೆಯಲ್ಲಿ, ನನ್ನ ಟೇಬಲ್‌ನಿಂದ ನಾಲ್ಕು ಅಡಿ ದೂರದಲ್ಲಿ, ಅಂಥದ್ದೊಂದು ಜೇಡ ಕಳೆದ ಒಂದೂವರೆ ವರ್ಷದಿಂದ ವಾಸವಾಗಿದೆ. ನನ್ನದಲ್ಲ, ರೂಮ್‌ಮೇಟ್‌ನದು. ಕಾಲೇಜು ಹುಡುಗರ ನಡುವೆ ಈ ಶೋಕಿ ಸದ್ದಿಲ್ಲದೆ ಹಬ್ಬುತ್ತಿದೆ. ನಾಯಿ ಸಾಕಲು ಪಿ.ಜಿ.ಯಲ್ಲಿ ಬಿಡುವುದಿಲ್ಲ, ಬೆಕ್ಕು ಸಿಕ್ಕಿಬೀಳುತ್ತದೆ, ಮೀನಿನ ತೊಟ್ಟಿಗೆ ಕರೆಂಟ್ ಬೇಕು. ಜೇಡಕ್ಕೆ ಇದು ಯಾವುದೂ ಬೇಡ. ಬೊಗಳುವುದಿಲ್ಲ, ವಾಸನೆ ಇಲ್ಲ, ವಾಕಿಂಗ್ ಬೇಡ, ವಾರಕ್ಕೊಂದು ಹುಳು ಸಾಕು. ಮೊಬೈಲ್‌ನಲ್ಲಿ ಒಂದು ಮೆಸೇಜ್ ಹಾಕಿದರೆ ಕೊರಿಯರ್‌ನಲ್ಲಿ ಬರುತ್ತದೆ. ಹೀಗಾಗಿಯೇ ಇದರ ಬಗ್ಗೆ ಯಾರಾದರೂ ಮಾತಾಡಬೇಕು ಅನಿಸಿದ್ದು.

ಮೊದಲು ಆ ಪ್ರಾಣಿಯ ಬಗ್ಗೆ. ನಮ್ಮ ಕೋಣೆಯಲ್ಲಿರುವುದು ಕೊಲಂಬಿಯಾ ಮೂಲದ, ನೆಲದ ಮೇಲೆ ಬಾಳುವ ಸಣ್ಣ ಜಾತಿ. ಹವ್ಯಾಸಿಗಳ ಭಾಷೆಯಲ್ಲಿ ‘ಪಂಪ್ಕಿನ್ ಪ್ಯಾಚ್’. ಕಪ್ಪು ಹೊಟ್ಟೆಯ ಮೇಲೆ ಕುಂಬಳಕಾಯಿ ಬಣ್ಣದ ಮಚ್ಚೆಗಳು. ಪೂರ್ತಿ ಬೆಳೆದರೂ ಕಾಲು ಚಾಚಿದಾಗ ಅಂಗೈ ತುಂಬುವಷ್ಟೇ. ಸಿನಿಮಾದಲ್ಲಿ ಹೀರೋಯಿನ್ ಭುಜದ ಮೇಲೆ ಹತ್ತುವ ರಾಕ್ಷಸ ಗಾತ್ರ ನೆನಪಿಸಿಕೊಳ್ಳಬೇಡಿ. ಅದರ ಅರಮನೆ ಎಂದರೆ ಮುಚ್ಚಳಕ್ಕೂ ಬದಿಗೂ ಸಣ್ಣ ತೂತು ಕೊರೆದ ಪಾರದರ್ಶಕ ಡಬ್ಬಿ. ಒಳಗೆ ನಾಲ್ಕೈದು ಇಂಚು ತೆಂಗಿನ ನಾರಿನ ಪುಡಿ, ಅಂದರೆ ನರ್ಸರಿಯಲ್ಲಿ ಸಿಗುವ ಕೊಕೊಪೀಟ್. ಅಡಗಿ ಕೂರಲು ಒಡೆದ ಕರಟದ ಒಂದು ಹೋಳು, ಬಾಟಲಿಯ ಮುಚ್ಚಳದಲ್ಲಿ ನೀರು. ಮುಗಿಯಿತು. ಅಮೆರಿಕ, ಯುರೋಪಿನ ಹವ್ಯಾಸಿಗಳು ಚೀಲಗಟ್ಟಲೆ ದುಡ್ಡು ಕೊಟ್ಟು ತರಿಸುವ ಈ ನಾರಿನ ಪುಡಿ ನಮ್ಮ ತಿಪಟೂರು, ಅರಸೀಕೆರೆ ಕಡೆ ತೆಂಗಿನ ನಾರು ಬಿಡಿಸಿದ ಮೇಲೆ ಗುಡ್ಡೆ ಬೀಳುವ ಪದಾರ್ಥ.

ಡಬ್ಬಿ ದೊಡ್ಡದಿದ್ದಷ್ಟೂ ಒಳ್ಳೆಯದು ಎಂದುಕೊಳ್ಳುವವರಿದ್ದಾರೆ. ಎತ್ತರದ ವಿಷಯದಲ್ಲಿ ಇದು ತಪ್ಪು. ನೆಲದ ಜೇಡಕ್ಕೆ ಎತ್ತರವೇ ಶತ್ರು. ಗಾಜು ಹತ್ತಿ ಮೇಲಿನಿಂದ ಬಿದ್ದರೆ ಅದರ ಹೊಟ್ಟೆ ನೀರು ತುಂಬಿದ ಬಲೂನಿನಂತೆ ಒಡೆಯಬಹುದು. ಆದ್ದರಿಂದ ಮಣ್ಣಿನಿಂದ ಮುಚ್ಚಳದವರೆಗಿನ ಅಂತರ ಜೇಡದ ಚಾಚಿದ ಕಾಲಳತೆಯ ಒಂದೂವರೆ ಪಟ್ಟು ಮೀರಬಾರದು ಎನ್ನುವುದು ಸಾಕುವವರ ಲೆಕ್ಕ. ಅಂಗೈ ಮೇಲೆ ಬಿಟ್ಟುಕೊಂಡು ರೀಲ್ಸ್ ಮಾಡುವ ಮಹಾನುಭಾವರು ಇದನ್ನು ಎರಡು ಸಲ ಓದಿಕೊಳ್ಳಬೇಕು. ಕೈ ನಡುಗಿ ಜೇಡ ಕೆಳಗೆ ಬಿದ್ದರೆ ಲೈಕ್ ನಿಮಗೆ, ಸಾವು ಅದಕ್ಕೆ.

ನಾನು ಮೆಕ್ಯಾನಿಕಲ್ ವಿದ್ಯಾರ್ಥಿ. ಐದನೇ ಸೆಮಿಸ್ಟರ್. ನನಗೆ ಈ ಜೇಡದ ಮೇಲೆ ಮನಸ್ಸು ಬಂದದ್ದು ಅದರ ಬಣ್ಣಕ್ಕಲ್ಲ, ಕಾಲಿಗೆ. ನಮ್ಮ ಮೊಣಕೈಯನ್ನು ಮಡಚಲು ಒಂದು ಸ್ನಾಯು, ಚಾಚಲು ಇನ್ನೊಂದು. ಜೇಡದ ಕಾಲಿನ ಮುಖ್ಯ ಎರಡು ಕೀಲುಗಳಲ್ಲಿ ಮಡಚುವ ಸ್ನಾಯು ಇದೆ, ಚಾಚುವ ಸ್ನಾಯುವೇ ಇಲ್ಲ. ಹಾಗಾದರೆ ಕಾಲು ಚಾಚುವುದು ಹೇಗೆ? ದೇಹದ ಮುಂಭಾಗವನ್ನು ಬಿಗಿಹಿಡಿದು ಒಳಗಿನ ದ್ರವದ ಒತ್ತಡ ಏರಿಸುತ್ತದೆ. ಆ ದ್ರವ ಕಾಲಿನೊಳಗೆ ನುಗ್ಗಿ ಕೀಲನ್ನು ತಳ್ಳುತ್ತದೆ. ಅಂದರೆ ಜೆಸಿಬಿಯ ತೋಳು ಏಳುತ್ತದಲ್ಲ, ಹೆಚ್ಚುಕಡಿಮೆ ಅದೇ ತತ್ವ! ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಪ್ಯಾಸ್ಕಲ್‌ನ ನಿಯಮವನ್ನು ಬಾಯಿಪಾಠ ಮಾಡಿ ಆರು ಅಂಕ ತೆಗೆದಿದ್ದೆ. ಅದು ಎಂಟು ಕಾಲಿನಲ್ಲಿ ನಡೆದಾಡುವುದನ್ನು ನೋಡಿದ್ದು ಈ ಡಬ್ಬಿಯಲ್ಲಿ.

ಸತ್ತ ಜೇಡ ಯಾಕೆ ಕಾಲು ಮುದುಡಿಕೊಂಡು ಬಿದ್ದಿರುತ್ತದೆ ಎನ್ನುವುದಕ್ಕೂ ಇದೇ ಉತ್ತರ. ಒತ್ತಡ ಇಳಿದುಹೋಗುತ್ತದೆ, ಮಡಚುವ ಸ್ನಾಯು ಗೆಲ್ಲುತ್ತದೆ. 2022ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಎಂಜಿನಿಯರ್‌ಗಳು ಸತ್ತ ತೋಳ ಜೇಡವೊಂದಕ್ಕೆ ಸೂಜಿಯಿಂದ ಗಾಳಿ ಊದಿ, ಅದನ್ನೇ ಸಣ್ಣ ವಸ್ತುಗಳನ್ನು ಹಿಡಿದೆತ್ತುವ ಚಿಮುಟದಂತೆ ಬಳಸಿ ತೋರಿಸಿದರು. ಓದಿದ ದಿನ ನಾನು, ರೂಮ್‌ಮೇಟ್ ಇಬ್ಬರೂ ರಾತ್ರಿ ಒಂದು ಗಂಟೆವರೆಗೂ ಅದೇ ಮಾತಾಡಿದೆವು. ಇದರಲ್ಲಿ ಒಂದು ವ್ಯಾವಹಾರಿಕ ಪಾಠವೂ ಇದೆ. ನೀರು ಕಡಿಮೆಯಾದ ಜೇಡಕ್ಕೆ ಒತ್ತಡ ಏರಿಸಲು ಆಗುವುದಿಲ್ಲ, ಬದುಕಿರುವಾಗಲೇ ಕಾಲು ದೇಹದಡಿ ಸೇರತೊಡಗುತ್ತದೆ. ಸೆಮಿಸ್ಟರ್ ರಜೆಗೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಊರಿಗೆ ಹೋಗುವವರು ಊಟಕ್ಕಿಂತ ಮೊದಲು ಯೋಚಿಸಬೇಕಾದ್ದು ಆ ಬಾಟಲಿ ಮುಚ್ಚಳದ ನೀರಿನ ಬಗ್ಗೆ. ಊಟವಿಲ್ಲದೆ ಅದು ವಾರಗಟ್ಟಲೆ ಇರಬಲ್ಲದು.

ಪೊರೆ ಬಿಡುವುದನ್ನೂ ಹೇಳಿಬಿಡುತ್ತೇನೆ. ಇದ್ದಕ್ಕಿದ್ದಂತೆ ಊಟ ಬಿಡುತ್ತದೆ. ಆಮೇಲೊಂದು ದಿನ ಅಂಗಾತ ಮಲಗುತ್ತದೆ. ಗೊತ್ತಿಲ್ಲದವರು ಸತ್ತಿತು ಎಂದು ಕಸದಬುಟ್ಟಿಗೆ ಹಾಕಿಬಿಡುತ್ತಾರೆ. ನಿಜಕ್ಕೂ ಅದು ಹಳೆಯ ಚರ್ಮವನ್ನು ಕಾಲುಚೀಲ ಕಳಚಿದಂತೆ ಎಂಟೂ ಕಾಲಿನಿಂದ ಎಳೆದು ತೆಗೆಯುತ್ತಿರುತ್ತದೆ. ಹೊಸ ಹಲ್ಲು ಬೆಳ್ಳಗೆ, ಮೆತ್ತಗೆ. ಆ ಹೊತ್ತಿನಲ್ಲಿ ಡಬ್ಬಿಯಲ್ಲಿ ಒಂದು ಜೀವಂತ ಹುಳು ಉಳಿದಿದ್ದರೂ ಅದೇ ಜೇಡವನ್ನು ಕಚ್ಚಿ ತಿನ್ನಬಹುದು. ಬೇಟೆಗಾರನೇ ಬೇಟೆ. ಮತ್ತೆ, ಪಿ.ಜಿ.ಯ ಅಡುಗೆಮನೆಯ ಜಿರಲೆ ಹಿಡಿದು ಹಾಕುವ ಜಾಣತನ ಬೇಡ. ಮೂರು ತಿಂಗಳಿಗೊಮ್ಮೆ ಆಂಟಿ ಹೊಡೆಸುವ ಜಿರಲೆ ಔಷಧಿ ಆ ಜಿರಲೆಯ ಮೈಯಲ್ಲಿ ಇದ್ದೇ ಇರುತ್ತದೆ. ಸೊಳ್ಳೆ ಬತ್ತಿಯಲ್ಲಿರುವ ಕೀಟನಾಶಕವೂ ಜೇಡಕ್ಕೆ ವಿಷವೇ. ಸೊಳ್ಳೆ ಬತ್ತಿ ಹಚ್ಚದೆ ಬೆಂಗಳೂರಿನ ಪಿ.ಜಿ.ಯಲ್ಲಿ ಮಲಗುವುದು ಹೇಗೆ ಎಂದು ನನ್ನನ್ನು ಕೇಳಬೇಡಿ. ನಮ್ಮ ಕೋಣೆಯಲ್ಲಿ ಈಗ ಎರಡು ಸೊಳ್ಳೆ ಪರದೆಗಳಿವೆ.

ಕಚ್ಚಿದರೆ? ಮನೆಯಲ್ಲಿ ಕೇಳುವ ಮೊದಲ ಪ್ರಶ್ನೆ. ನಮ್ಮಮ್ಮನಂತೂ ಫೋನ್‌ನಲ್ಲಿ ‘ಅದನ್ನ ಸಾಕಿ ಎಂತ ಮಾಡುದು? ಹಾಲು ಕೊಡ್ತದಾ?’ ಎಂದು ಶುರು ಮಾಡಿ, ಜೇಡ ಮೈಮೇಲೆ ಹರಿದರೆ ಗುಳ್ಳೆ ಏಳುತ್ತದೆ ಎನ್ನುವವರೆಗೂ ಹೋದರು. ಟರಾಂಟುಲಾ ಕಚ್ಚಿ ಮನುಷ್ಯರು ಸಾಯುತ್ತಾರೆ ಎನ್ನುವುದಕ್ಕೆ ಆಧಾರವಿಲ್ಲ. ಅಮೆರಿಕ ಖಂಡದ ಜಾತಿಗಳ ಕಡಿತ ಸಾಮಾನ್ಯವಾಗಿ ಕಣಜ ಕಚ್ಚಿದಷ್ಟು. ಅವುಗಳ ನಿಜವಾದ ಅಸ್ತ್ರ ಹೊಟ್ಟೆಯ ಮೇಲಿನ ರೋಮ. ಹಿಂಗಾಲಿನಿಂದ ಕೆರೆದು ಗಾಳಿಗೆ ತೂರುತ್ತವೆ. ಚರ್ಮಕ್ಕೆ ತಾಗಿದರೆ ತುರಿಕೆ, ಕಣ್ಣಿಗೆ ಬಿದ್ದರೆ ಗಂಭೀರ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೇಡದ ತೊಟ್ಟಿ ತೊಳೆಯುತ್ತಿದ್ದ ಯುವಕನೊಬ್ಬನ ಕಣ್ಣಿನ ಕಾರ್ನಿಯಾದಲ್ಲಿ ಇಂಥ ರೋಮಗಳು ನಾಟಿದ್ದ ಪ್ರಕರಣವನ್ನು ‘ದಿ ಲ್ಯಾನ್ಸೆಟ್’ 2010ರಲ್ಲಿ ಪ್ರಕಟಿಸಿತ್ತು. ಭಾರತದ ಟರಾಂಟುಲಾಗಳಿಗೆ ಈ ರೋಮದ ಅಸ್ತ್ರ ಇಲ್ಲ. ಬದಲಿಗೆ ವೇಗ ಹೆಚ್ಚು, ವಿಷವೂ ಚುರುಕು. ಮರದ ಮೇಲೆ ಬಾಳುವ ನಮ್ಮ ಪೋಸಿಲೋಥೀರಿಯಾ ಗುಂಪಿನವು ಕಚ್ಚಿದರೆ ದಿನಗಟ್ಟಲೆ ಸ್ನಾಯು ಸೆಳೆತ ಕಾಡಬಹುದು. ‘ಲೋಕಲ್ ಜಾತಿ, ಕಡಿಮೆ ರೇಟು’ ಎಂದು ಯಾರಾದರೂ ಕೊಡಲು ಬಂದರೆ ಈ ಒಂದು ಕಾರಣಕ್ಕಾದರೂ ದೂರ ಇರಿ. ಕಾನೂನಿನ ಕಾರಣ ಬೇರೆಯೇ ಇದೆ.

ಇಷ್ಟೆಲ್ಲ ಓದಿದ ಮೇಲೆ ‘ಇವನು ಜೇಡ ಸಾಕಿ ಎನ್ನುತ್ತಿದ್ದಾನೆ’ ಎನಿಸಿರಬಹುದು. ಇಲ್ಲ. ಇವತ್ತಿನ ಸ್ಥಿತಿಯಲ್ಲಿ ಕೊಳ್ಳಬೇಡಿ ಎನ್ನುವುದೇ ನನ್ನ ಅಭಿಪ್ರಾಯ. ಜೇಡವನ್ನು ಇಷ್ಟಪಟ್ಟೇ ಈ ಮಾತು ಹೇಳುತ್ತಿದ್ದೇನೆ.

ನನ್ನ ರೂಮ್‌ಮೇಟ್ ಎರಡೂವರೆ ಸಾವಿರ ಕೊಟ್ಟು ಇದನ್ನು ತರಿಸಿದಾಗ ಮಾರಿದವನು ಹೇಳಿದ್ದು ಒಂದೇ ಮಾತು: ‘ಬ್ರೋ, ಇದು ಕ್ಯಾಪ್ಟಿವ್ ಬ್ರೆಡ್.’ ಅಂದರೆ ಕಾಡಿನಿಂದ ಹಿಡಿದದ್ದಲ್ಲ, ಸಾಕಿದ ಜೇಡದ ಮರಿ. ಎಲ್ಲಿ ಸಾಕಿದ್ದು? ಯಾರು? ತಾಯಿ ಜೇಡ ಈ ದೇಶಕ್ಕೆ ಬಂದಿದ್ದು ಯಾವ ಪರವಾನಗಿಯಲ್ಲಿ? ಬಿಲ್ ಕೇಳಿದರೆ ನಗುವ ಇಮೋಜಿ ಬಂತು. ನೂರು ರೂಪಾಯಿಯ ಇಯರ್‌ಫೋನಿಗೂ ಬಿಲ್ ಕೇಳುವ ನಾವು ಒಂದು ಜೀವಕ್ಕೆ ಕೇಳುವುದಿಲ್ಲ.

ಕಾಗದದ ಪ್ರಶ್ನೆ ಬರೀ ಅಧಿಕಾರಿಗಳ ಕಾಟವಲ್ಲ. 2022ರಲ್ಲಿ ‘ಕಮ್ಯುನಿಕೇಷನ್ಸ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಜಗತ್ತಿನ ಜೇಡ, ಚೇಳುಗಳ ವ್ಯಾಪಾರವನ್ನು ಜಾಲಾಡಿತು. 1,264 ಪ್ರಭೇದಗಳು ಮಾರಾಟದಲ್ಲಿದ್ದವು. ಟರಾಂಟುಲಾಗಳಲ್ಲಂತೂ ಸುಮಾರು ಅರ್ಧದಷ್ಟು ಪ್ರಭೇದಗಳು. ವ್ಯಾಪಾರವಾಗುವ ಜೀವಿಗಳಲ್ಲಿ ಶೇ 67ರಷ್ಟು ನೇರವಾಗಿ ಕಾಡಿನಿಂದ ಹಿಡಿದವು ಎಂದು ಆ ಅಧ್ಯಯನ ಹೇಳುತ್ತದೆ. ಅಂದಮೇಲೆ ‘ಬ್ರೋ, ಕ್ಯಾಪ್ಟಿವ್ ಬ್ರೆಡ್’ ಎನ್ನುವ ಮಾತನ್ನು ಯಾವ ನಂಬಿಕೆಯ ಮೇಲೆ ನಂಬುವುದು?

ಈ ಕತೆ ನಮ್ಮ ಬಳ್ಳಾರಿಯ ಪಕ್ಕದಲ್ಲೇ ನಡೆದಿದೆ. ರೈಲಿನಲ್ಲಿ ಓಡಾಡುವವರಿಗೆ ಗುಂತಕಲ್‌ನ ಮಗ್ಗುಲಿನ ಗುತ್ತಿ ಗೊತ್ತಿರುತ್ತದೆ. 1899ರಲ್ಲಿ ಬ್ರಿಟಿಷ್ ವಿಜ್ಞಾನಿ ಪೊಕಾಕ್ ಅಲ್ಲಿ ಸಿಕ್ಕ ಒಂದು ಜೇಡವನ್ನು ವಿವರಿಸಿದರು. ಮೈಯೆಲ್ಲ ಲೋಹದಂತೆ ಹೊಳೆಯುವ ನೀಲಿ. ಹೆಸರು ಪೋಸಿಲೋಥೀರಿಯಾ ಮೆಟಾಲಿಕಾ. ಆಮೇಲೆ ಒಂದು ಶತಮಾನ ಅದು ಯಾರ ಕಣ್ಣಿಗೂ ಬೀಳಲಿಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಸಿಕ್ಕಿತು. ಸಿಕ್ಕ ಕೆಲವೇ ವರ್ಷಗಳಲ್ಲಿ ಯುರೋಪ್, ಅಮೆರಿಕದ ಹವ್ಯಾಸಿಗಳ ಡಬ್ಬಿಗಳಲ್ಲಿ ಅದು ಮೊಟ್ಟೆಯಿಡುತ್ತಿತ್ತು. ನೂರು ಚದರ ಕಿಲೋಮೀಟರ್‌ಗೂ ಕಡಿಮೆ ವ್ಯಾಪ್ತಿಯ ಕಾಡಿನಲ್ಲಿ, ಸೌದೆಗೆ ಕಡಿದು ಉಳಿದ ಹಳೆಯ ಮರಗಳ ಪೊಟರೆಗಳಲ್ಲಿ ಉಳಿದುಕೊಂಡಿರುವ ಅದನ್ನು ಐಯುಸಿಎನ್ 2008ರಲ್ಲಿ ‘ತೀವ್ರ ಅಪಾಯದಲ್ಲಿರುವ’ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಇಡೀ ಪೋಸಿಲೋಥೀರಿಯಾ ಕುಲ ಅಂತರರಾಷ್ಟ್ರೀಯ ಸೈಟ್ಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಬಂದದ್ದು 2019ರಲ್ಲಿ. ನಡುವಿನ ಹದಿನೆಂಟು ವರ್ಷದಲ್ಲಿ ಎಷ್ಟು ಮರಗಳ ತೊಗಟೆ ಕಿತ್ತರೋ.

ಸಾಕುವವರ ಕಡೆಯ ವಾದವನ್ನೂ ತಳ್ಳಿಹಾಕಲಾರೆ. ಒಂದು ಹೆಣ್ಣು ಜೇಡ ಒಂದೇ ಸಲಕ್ಕೆ ಹತ್ತಾರು, ಕೆಲವು ಜಾತಿಗಳಲ್ಲಿ ನೂರಾರು ಮರಿ ಮಾಡುತ್ತದೆ. ಸಾಕಿದ ಮರಿಗಳು ಧಾರಾಳವಾಗಿ ಸಿಕ್ಕರೆ ಕಾಡಿಗೆ ಕೈಹಾಕುವ ಅಗತ್ಯವೇ ಇರುವುದಿಲ್ಲ ಎನ್ನುತ್ತಾರೆ. ಒಪ್ಪಬಹುದಾದ ಮಾತೇ. ಜರ್ಮನಿಯಲ್ಲೋ ಇಂಗ್ಲೆಂಡಿನಲ್ಲೋ ತಲೆಮಾರುಗಳಿಂದ ಹೀಗೆ ಸಾಕುವವರಿದ್ದಾರೆ. ಆದರೆ ಆ ವಾದ ನಿಲ್ಲುವುದು ಕಾಗದದ ಮೇಲೆ. ಯಾವ ಮರಿ ಯಾವ ತಾಯಿಯದು ಎಂಬ ದಾಖಲೆ ಇದ್ದಾಗ ಮಾತ್ರ. ದಾಖಲೆಯಿಲ್ಲದ ಕಡೆ ಕಾಡಿನ ಜೇಡವನ್ನು ‘ಸಾಕಿದ್ದು’ ಎಂದು ಮಾರುವುದಕ್ಕೆ ಆ ವಾದವೇ ಬುರುಕಿಯಾಗುತ್ತದೆ.

ಕಾನೂನು ಏನು ಹೇಳುತ್ತದೆ? ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟ್ಸ್ ಪಟ್ಟಿಯ ಜೀವಿಗಳನ್ನು ಅದರ ನಾಲ್ಕನೇ ಅನುಸೂಚಿಗೆ ತರಲಾಗಿದೆ. ಅಂಥ ಜೀವಂತ ಪ್ರಾಣಿ ನಿಮ್ಮ ಬಳಿ ಇದ್ದರೆ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. 2024ರ ಫೆಬ್ರುವರಿಯಲ್ಲಿ ಇದಕ್ಕೆ ನಿಯಮ ಬಂತು, ಆರು ತಿಂಗಳ ಗಡುವೂ ಇತ್ತು. ಕೈ ಬದಲಾದರೆ, ಮರಿ ಹಾಕಿದರೆ, ಸತ್ತರೆ ಅದನ್ನೂ ತಿಳಿಸಬೇಕು. ಇನ್‌ಸ್ಟಾಗ್ರಾಂನಲ್ಲಿ ಮೆಕ್ಸಿಕೊದ ಕೆಂಪು ಮಂಡಿಯ ಜೇಡ ಮಾರುವವರಲ್ಲಿ ಎಷ್ಟು ಮಂದಿ ಕೊಳ್ಳುವವರಿಗೆ ಈ ಮಾತು ಹೇಳುತ್ತಾರೆ? ಅದು ಸೈಟ್ಸ್ ಪಟ್ಟಿಯ ಜೀವಿ. ನಮ್ಮ ಕೋಣೆಯ ಪಂಪ್ಕಿನ್ ಪ್ಯಾಚ್‌ನಂಥವು ಆ ಪಟ್ಟಿಯಲ್ಲಿ ಇಲ್ಲ. ಹಾಗೆಂದು ಅವನ್ನು ಪರವಾನಗಿಯಿಲ್ಲದೆ ಹೊರದೇಶದಿಂದ ತರಿಸುವುದು ಸಕ್ರಮವಾಗುವುದಿಲ್ಲ. ಚೆನ್ನೈನ 107 ಸೀಸೆಗಳೇ ಸಾಕ್ಷಿ. ಇದು ಗೊತ್ತಿದ್ದೂ ಕೊಂಡರೆ ಅದು ಬೇರೆ ಮಾತು. ನಮ್ಮಲ್ಲಿ ಬಹುಪಾಲು ಹುಡುಗರಿಗೆ ಗೊತ್ತೇ ಇರುವುದಿಲ್ಲ. ನಾಳೆ ಪಾಸ್‌ಪೋರ್ಟ್, ಸರ್ಕಾರಿ ಕೆಲಸ ಎಂದು ಪೊಲೀಸ್ ಪರಿಶೀಲನೆಗೆ ನಿಲ್ಲಬೇಕಾದವರು ಜೇಡದ ಹೆಸರಿನಲ್ಲಿ ಒಂದು ಕೇಸು ತಗುಲಿಸಿಕೊಳ್ಳುವುದು ಬೇಕೇ?

ಇನ್ನೊಂದು ಲೆಕ್ಕ ಇದೆ, ಕೊಳ್ಳುವಾಗ ಯಾರೂ ಹಾಕದ ಲೆಕ್ಕ. ಬಿಇ ನಾಲ್ಕು ವರ್ಷ. ಗಂಡು ಜೇಡವಾದರೆ ಪ್ರೌಢವಾದ ಮೇಲೆ ಹೆಚ್ಚು ದಿನ ಉಳಿಯುವುದಿಲ್ಲ. ಹೆಣ್ಣಾದರೆ ಸಣ್ಣ ಜಾತಿಯದ್ದೂ ಹಲವು ವರ್ಷ, ಮೆಕ್ಸಿಕೊದಂಥ ದೊಡ್ಡ ಜಾತಿಯದ್ದು ಇಪ್ಪತ್ತು ವರ್ಷ ದಾಟಬಲ್ಲದು. ಮರಿಯಾಗಿರುವಾಗ ಗಂಡೋ ಹೆಣ್ಣೋ ಹೇಳುವುದೇ ಕಷ್ಟ. ಕ್ಯಾಂಪಸ್ ಪ್ಲೇಸ್‌ಮೆಂಟ್ ಆದರೆ ಎಲ್ಲಿಗೋ, ಆಗದಿದ್ದರೆ ಊರಿಗೋ, ಎಂ.ಎಸ್. ಎಂದರೆ ದೇಶದಾಚೆಗೋ. ನಮ್ಮ ಮುಂದಿನ ಆರು ತಿಂಗಳ ವಿಳಾಸವೇ ನಮಗೆ ಗೊತ್ತಿಲ್ಲ. ನನ್ನ ರೂಮ್‌ಮೇಟ್‌ಗೆ ಜನವರಿಯಿಂದ ಪುಣೆಯಲ್ಲಿ ಇಂಟರ್ನ್‌ಶಿಪ್. ಬಸ್ಸಿನಲ್ಲಿ ಒಯ್ಯಲು ಹೆದರಿಕೆ, ಮಾರಲು ಬಿಲ್ ಇಲ್ಲ, ಜೂನಿಯರ್‌ಗಳಿಗೆ ಕೊಟ್ಟರೆ ಮೊದಲ ವಾರವೇ ರೀಲ್ಸ್. ಹೊರಗೆ ಬಿಟ್ಟುಬಿಡು ಎಂದು ಸಲಹೆ ಕೊಟ್ಟವರೂ ಇದ್ದಾರೆ. ಅದು ಎಲ್ಲಕ್ಕಿಂತ ಕೆಟ್ಟ ಸಲಹೆ. ಅಮೆರಿಕದ ಫ್ಲೋರಿಡಾದಲ್ಲಿ ನಿಂಬೆ, ಕಿತ್ತಳೆ ಜಾತಿಯ ಹಣ್ಣಿನ ತೋಟವೊಂದರಲ್ಲಿ ಮೆಕ್ಸಿಕೊ ಮೂಲದ ಟರಾಂಟುಲಾಗಳು ಬಿಲ ತೋಡಿ ಸಂಸಾರ ಹೂಡಿದ್ದು ಪತ್ತೆಯಾಗಿ ಎಷ್ಟೋ ವರ್ಷಗಳಾದವು. ಹೊರದೇಶದ ಪ್ರಾಣಿಯನ್ನು ಬಯಲಿಗೆ ಬಿಟ್ಟರೆ ಒಂದೋ ಅದು ಸಾಯುತ್ತದೆ, ಇಲ್ಲವೇ ಇಲ್ಲಿನದನ್ನು ಸಾಯಿಸುತ್ತದೆ. ಸದ್ಯಕ್ಕೆ ಡಬ್ಬಿ ನನ್ನ ಪಾಲಿಗೆ ಬರುವ ಲಕ್ಷಣ ಕಾಣುತ್ತಿದೆ. ನಾನು ಕೊಳ್ಳದ, ಬಿಡಲೂ ಆಗದ ಜೇಡ. ಅದರ ಆಯುಷ್ಯ ಇರುವಷ್ಟು ದಿನ ನೀರು ಇಡುವುದು ಯಾರಾದರೂ ಮಾಡಲೇಬೇಕಾದ ಕೆಲಸ.

ಸರ್ಕಾರದಿಂದ ಬೇಕಾದ್ದು ದೊಡ್ಡದೇನಲ್ಲ. ಯಾವ ಜಾತಿಯನ್ನು ಸಾಕಬಹುದು, ಯಾವುದನ್ನು ಕೂಡದು ಎಂಬ ಪಟ್ಟಿ ಕನ್ನಡದಲ್ಲಿ, ಫೋಟೊ ಸಮೇತ ಇರಲಿ. ಆ ಪಟ್ಟಿಯಲ್ಲಿ ನಮ್ಮ ರಾಜ್ಯದ ಟರಾಂಟುಲಾಗಳನ್ನು ಮೊದಲ ಸಾಲಿನಲ್ಲಿ ‘ಕೂಡದು’ ಎಂದೇ ಬರೆಯಲಿ. ಮಾರುವವರಿಗೆ ನೋಂದಣಿ ಕಡ್ಡಾಯವಾಗಲಿ, ಪ್ರತಿ ಮರಿಗೂ ಮೂಲದ ಚೀಟಿ ಇರಲಿ. ಅಲ್ಲಿಯವರೆಗೆ ಜೇಡದ ಹುಚ್ಚು ಹಿಡಿದವರು ದುಡ್ಡಿಲ್ಲದೆ ನೋಡುವುದಕ್ಕೆ ನಮ್ಮಲ್ಲೇ ಬೇಕಾದಷ್ಟಿದೆ.

ನಮ್ಮೂರು ಶಿರಸಿ ಕಡೆ. ಗುತ್ತಿಯ ನೀಲಿ ಜೇಡವನ್ನು ವಿವರಿಸಿದ ಅದೇ ಪೊಕಾಕ್ ಅದೇ 1899ರಲ್ಲಿ ನಮ್ಮ ಉತ್ತರ ಕನ್ನಡದಿಂದ ಸಿಕ್ಕ ಟರಾಂಟುಲಾಗಳಿಗೂ ಹೆಸರಿಟ್ಟಿದ್ದರು: ಥ್ರಿಗ್ಮೋಪಿಯಸ್. ಹೆಸರು ನಾಲಿಗೆಗೆ ಕಷ್ಟ, ಜೇಡ ಕಣ್ಣಿಗೆ ಸುಲಭ. ಮಣ್ಣಿನ ದಿಣ್ಣೆಯಲ್ಲಿ, ರಸ್ತೆ ಪಕ್ಕ ಕಡಿದ ಮಣ್ಣಿನ ಗೋಡೆಯಲ್ಲಿ ಬಿಲ ತೋಡುತ್ತದೆ. ಬಿಲದ ಬಾಯಿಗೆ ರೇಷ್ಮೆಯ ಅಂಚು ಕಟ್ಟಿರುತ್ತದೆ. ಕನ್ನಡದಲ್ಲಿ ‘ಜೇಡ’ ಎಂದರೆ ನೇಕಾರ ಎಂಬ ಅರ್ಥವೂ ಇದೆ, ನೇಯ್ಗೆಯ ದಾಸಿಮಯ್ಯ ಜೇಡರ ದಾಸಿಮಯ್ಯ ಆದದ್ದು ಹಾಗೆ. ಆ ಅಂಚನ್ನು ನೋಡಿದರೆ ಹೆಸರು ಸುಮ್ಮನೆ ಬಂದಿಲ್ಲ ಅನಿಸುತ್ತದೆ. ಹಗಲು ಪಿಳ್ಳೆಗಳಂತೆ ನಾವು ಅದರ ಮುಂದೆಯೇ ಸ್ಕೂಲಿಗೆ ಓಡಾಡಿದ್ದೇವೆ, ಗೊತ್ತೇ ಇರಲಿಲ್ಲ. ಕೋಣೆಯಲ್ಲಿ ಕೊಲಂಬಿಯಾದ ಜೇಡ ನೋಡಿದ ಮೇಲೆ ಊರಿನದು ಕಣ್ಣಿಗೆ ಬಿತ್ತು.

ನೋಡುವ ಕ್ರಮ ಇಷ್ಟೇ. ಕತ್ತಲಾದ ಮೇಲೆ ಹೋಗಬೇಕು, ಟಾರ್ಚಿನ ಬೆಳಕನ್ನು ನೇರ ಬಿಲಕ್ಕೆ ಬಿಡದೆ ಪಕ್ಕದ ಮಣ್ಣಿಗೆ ಹಾಯಿಸಬೇಕು, ನಾಲ್ಕಡಿ ದೂರದಲ್ಲಿ ಅಲ್ಲಾಡದೆ ಕೂರಬೇಕು. ಹತ್ತು ನಿಮಿಷಕ್ಕೆ ಮುಂಗಾಲು ಹೊರಬರುತ್ತದೆ. ಕಾಲಿಗೆ ಬೂಟು ಇರಲಿ, ಅದೇ ದಿಣ್ಣೆ ಹಾವಿಗೂ ಇಷ್ಟ. ಕಡ್ಡಿ ಹಾಕಿ ಹೊರಗೆಳೆಯಬೇಡಿ. ಫೋಟೊ ತೆಗೆದರೆ ಐನ್ಯಾಚುರಲಿಸ್ಟ್‌ನಂಥ ಆ್ಯಪ್‌ಗೆ ಹಾಕಿ, ಆದರೆ ಜಾಗದ ನಿಖರ ಗುರುತನ್ನು ಮರೆಮಾಡುವ ಆಯ್ಕೆಯನ್ನು ಒತ್ತಿಯೇ ಹಾಕಿ. ರಸ್ತೆಯ ಹೆಸರು, ಮೈಲಿಗಲ್ಲಿನ ನಂಬರು ಬರೆದರೆ ಮುಂದಿನ ವಾರ ಅಲ್ಲಿಗೆ ಪ್ಲಾಸ್ಟಿಕ್ ಸೀಸೆ ಹಿಡಿದು ಬರುವವರಿದ್ದಾರೆ.